ಅಂಜೂರಕ್ಕೆ ಎಷ್ಟು ಹಾರ್ಸ್‌ಪವರ್ ಬೇಕು

ನಾನು ಮದುವೆಯಾಗಿ ಕುರುಗೋಡಿನ ಆಚೆಯ ಹಳ್ಳಿಗೆ ಬಂದಾಗ ನನ್ನ ಜೊತೆ ಬಂದದ್ದು ಒಂದು ಟ್ರಂಕು, ಎರಡು ಹಿತ್ತಾಳೆ ಕೊಡ, ಮತ್ತೆ ಇಂಜಿನ್ನುಗಳ ಬಗ್ಗೆ ಯಾರೂ ಕೇಳದ ಒಂದಷ್ಟು ಜ್ಞಾನ. ಬಳ್ಳಾರಿಯಲ್ಲಿ ನಮ್ಮಪ್ಪನದು ಗರಾಜು. ಓರಗೆಯ ಹುಡುಗಿಯರು ರಂಗೋಲಿಯ ಚುಕ್ಕಿ ಎಣಿಸುತ್ತಿದ್ದಾಗ ನಾನು ವಾಲ್ವು ಎಣಿಸುತ್ತಿದ್ದೆ. ಗರಾಜಿನ ಅಂಗಳದಲ್ಲಿ ರಿಪೇರಿಗೆ ಬಂದ ಗಾಡಿಗಳನ್ನು ಹಿಂದೆ ಮುಂದೆ ಓಡಿಸಿ ಡ್ರೈವಿಂಗನ್ನೂ ಕಲಿತಿದ್ದೆ. ಯಾರಾದರೂ ನನ್ನನ್ನು ಜಂಬದ ಕೋಳಿ ಅಂದಿದ್ದರೆ ತಪ್ಪೇನಿರಲಿಲ್ಲ. ಅಂದರು ಕೂಡ, ಬಹಳ ಜನ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಮನೆಯ ಹಿಂದೆ ಅತ್ತೆಯ ಅಂಜೂರದ ತೋಟವಿತ್ತು. ಒಂದೆಕರೆ, ನೂರಾ ಎಂಬತ್ತು ಗಿಡ. ಕಾಗದಪತ್ರದಲ್ಲಿ ಮಾವನ ಹೆಸರಿದ್ದರೂ ಊರೆಲ್ಲ ಅದನ್ನು ‘ಅವ್ವನ ತ್ವಾಟ’ ಎಂದೇ ಕರೆಯುತ್ತಿತ್ತು. ಒಂದೊಂದು ಗಿಡವನ್ನೂ ಅತ್ತೆ ಕಡ್ಡಿ ನೆಟ್ಟು, ಬಾವಿಯಿಂದ ಕೊಡದಲ್ಲಿ ನೀರು ಹೊತ್ತು ಹಾಕಿ ಬೆಳೆಸಿದ್ದರು. ಆ ತೋಟವನ್ನು ನೆನೆದರೆ ಈಗಲೂ ನನಗೆ ಅರ್ಧ ನಿದ್ದೆ ಬಂದಂತಾಗುತ್ತದೆ. ಯಾಕೆಂದರೆ ನಾನು ಅದನ್ನು ಪೂರ್ತಿ ಎಚ್ಚರದಲ್ಲಿ ನೋಡಿದ್ದೇ ಕಡಿಮೆ. ಅಂಜೂರವನ್ನು ಬಿಸಿಲು ಬೀಳುವ ಮುಂಚೆ ಬಿಡಿಸಬೇಕು. ಕೋಳಿ ಕೂಗುವಾಗ ಎದ್ದು, ಅಂಗೈಗೆ ಹರಳೆಣ್ಣೆ ಸವರಿಕೊಂಡು (ಇಲ್ಲದಿದ್ದರೆ ತೊಟ್ಟಿನ ಹಾಲು ತಾಗಿ ಬೆರಳೆಲ್ಲ ಉರಿಯುತ್ತದೆ) ನಾವಿಬ್ಬರೂ ಗಿಡದಿಂದ ಗಿಡಕ್ಕೆ ಹೋಗುತ್ತಿದ್ದೆವು. ಕಾಲುವೆ ಕಡೆಯಿಂದ ತೆಳ್ಳಗೆ ಮಂಜು ಬಂದು ಸೊಂಟದ ಮಟ್ಟಕ್ಕೆ ನಿಂತಿರುತ್ತಿತ್ತು. ಮುಂದೆ ಅತ್ತೆಯ ತಲೆ, ಸೆರಗು ಮಾತ್ರ ಕಾಣಿಸುತ್ತಿದ್ದವು, ಕಾಲು ಕಾಣಿಸುತ್ತಿರಲಿಲ್ಲ. ಹಣ್ಣು ಕಣ್ಣಿಗೆ ಬೀಳುವ ಮೊದಲೇ ಬೆರಳಿಗೆ ಸಿಗುತ್ತಿತ್ತು. ಕುತ್ತಿಗೆ ಬಾಗಿ ತಣ್ಣಗೆ ಜೋತಿರುತ್ತಿತ್ತು, ಒತ್ತಿದರೆ ಹೊಟ್ಟೆ ಒಡೆದೇ ಬಿಡುವಷ್ಟು ಮೆತ್ತಗೆ.

ಆ ಮೆದುತನವೇ ನಮ್ಮ ಕಷ್ಟ. ಬಿಡಿಸಿದ ದಿನವೇ ಹಣ್ಣು ಬಳ್ಳಾರಿಯ ಮಂಡಿ ಮುಟ್ಟಬೇಕು. ಎತ್ತಿನ ಗಾಡಿಯಲ್ಲಿ ಕುರುಗೋಡಿಗೆ ಒಯ್ದು, ಅಲ್ಲಿಂದ ಬಸ್ಸಿನ ಟಾಪಿನ ಮೇಲೆ ಹಾಕಿ ಕಳಿಸಿದರೆ ಅರ್ಧ ಬುಟ್ಟಿ ದಾರಿಯಲ್ಲೇ ಹಾಳಾಗುತ್ತಿತ್ತು. ಇತ್ತ ಸುತ್ತಲಿನ ಹೊಲಗಳಿಗೆಲ್ಲ ಕಾಲುವೆ ನೀರು ಹರಿದು ಭತ್ತ ಎದ್ದಿತ್ತು. ಹಸಿರಿನ ನಡುವೆ ಅತ್ತೆಯ ತೋಟವೊಂದೇ ಬೂದಿ ಬಣ್ಣದ ಕಾಂಡ ಹೊತ್ತು ನಿಂತಿತ್ತು. ಮಾವನಿಗೂ ಭತ್ತದ ಆಸೆ. ಒಂದು ಸಂಜೆ ಪಡಸಾಲೆಯಲ್ಲಿ ಕೂತು ಅತ್ತೆಗೆ ನೇರವಾಗಿ ಹೇಳಿದರು.

“ಕೇಳಿಲ್ಲಿ. ಸೊಂತ ಗಾಡಿ ತರೂಣು. ಯುಗಾದಿ ಒಳಗ ಒಂದು ಸಲನಾದ್ರೂ ನಿನ್ನ ಹಣ್ಣು ನೆಟ್ಟಗ ಮಂಡಿ ಮುಟ್ಟಿದ್ರ ತ್ವಾಟ ಇರ್ತೈತಿ. ಮುಟ್ಟಲಿಲ್ಲಂದ್ರ ಕಿತ್ತು ಭತ್ತ ಹಾಕೂಣು. ಆಮ್ಯಾಲ ಅಳೂದು ಕರಿಯೂದು ಇಲ್ಲ.”

“ಆತು,” ಅಂದರು ಅತ್ತೆ. “ಮಾತಂದ್ರ ಮಾತು.”

ಹಾಗಾಗಿ ತೋಟದ ಜೀವ ಒಂದು ಗಾಡಿಯ ಮೇಲೆ ನಿಂತಿತು. ವಿಚಾರಿಸಿದಾಗ ಹಳೆಯ ಪಿಕಪ್ ಗಾಡಿಗಳು ಎರಡು ಸಿಕ್ಕವು. ಮೈಕಟ್ಟು ಎರಡರದ್ದೂ ಒಂದೇ, ಮುಂದೆ ಇಬ್ಬರು ಕೂರುವ ಜಾಗ, ಹಿಂದೆ ತೆರೆದ ತೊಟ್ಟಿ. ಇಂಜಿನ್ ಮಾತ್ರ ಬೇರೆ. ಸಿರುಗುಪ್ಪದ ಒಂದು ರೈಸ್ ಮಿಲ್ಲಿನವರ ಗಾಡಿಯಲ್ಲಿ ಮೊದಲಿನಿಂದ ಇದ್ದ ಪೆಟ್ರೋಲ್ ಇಂಜಿನ್ನು, ಎಪ್ಪತ್ತೈದು ಹಾರ್ಸ್‌ಪವರ್. ಬಳ್ಳಾರಿಯ ಇನ್ನೊಂದು ಗಾಡಿಯಲ್ಲಿ ಪೆಟ್ರೋಲ್ ಇಂಜಿನ್ ಕಿತ್ತು ಹಾಕಿ, ಟ್ರ್ಯಾಕ್ಟರಿನಲ್ಲಿ ಇರಬೇಕಾದ ಡೀಸೆಲ್ ಇಂಜಿನ್ ಕೂರಿಸಿದ್ದರು. ಆಗ ಹಾಗೆ ಬದಲಾಯಿಸುವ ಹುಚ್ಚು ಎಲ್ಲರಿಗೂ ಹಿಡಿದಿತ್ತು. ಆ ಡೀಸೆಲ್ಲಿಗೆ ನಲವತ್ತು ಹಾರ್ಸ್‌ಪವರೂ ಇರಲಿಲ್ಲ.

ಎಪ್ಪತ್ತೈದೆಲ್ಲಿ, ನಲವತ್ತೆಲ್ಲಿ! ನನ್ನ ಬಾಯಿ ಸುಮ್ಮನಿರುತ್ತದೆಯೇ? ಊಟಕ್ಕೆ ಕೂತ ಮಾವನಿಗೆ, ನನ್ನ ಗಂಡನಿಗೆ ಸಾರು ಬಡಿಸುತ್ತಲೇ ಪಾಠ ಶುರು ಮಾಡಿದೆ. ಅಪ್ಪ ನನಗೆ ಹೇಳಿಕೊಟ್ಟದ್ದು ಕಪಿಲೆ ಬಾವಿಯ ಲೆಕ್ಕದಲ್ಲಿ. ಇಳಿಜಾರಿನಲ್ಲಿ ಎತ್ತುಗಳು ಇಳಿದಂತೆ ಹಗ್ಗಕ್ಕೆ ಕಟ್ಟಿದ ಚರ್ಮದ ಚೀಲದಲ್ಲಿ ನೀರು ಮೇಲೆ ಬರುತ್ತಿತ್ತಲ್ಲ, ಆ ಬಾವಿ. “ಚೀಲ ನೀರು ಬಿಟ್ಟು ಏಳೂ ಮುಂದ ಎತ್ತು ಗೋಣು ಬಗ್ಗಿಸಿ ಒಂದು ಜಗ್ಗು ಜಗ್ಗತೈತಿ ನೋಡು, ಅದು ಟಾರ್ಕು. ಒಂದು ತಾಸಿನಾಗ ಎಷ್ಟು ಚೀಲ ಎತ್ತಿ ಸುರುವಿತು ಅನ್ನೋದು ಹಾರ್ಸ್‌ಪವರು,” ಅನ್ನುತ್ತಿದ್ದ ಅಪ್ಪ. ಅದನ್ನೇ ನಾನು ನನ್ನದೇ ಮಾತು ಎಂಬಂತೆ ಒಪ್ಪಿಸಿದೆ. ಡೀಸೆಲ್ಲು ಮೆಲ್ಲಗೆ ತಿರುಗುವಾಗಲೇ ಜೋರಾಗಿ ಎಳೆಯುತ್ತದೆ, ಆದರೆ ಓಟವಿಲ್ಲ. ಪೆಟ್ರೋಲು ಜೋರಾಗಿ ತಿರುಗಿದಷ್ಟೂ ಬಲ ಬಿಚ್ಚುತ್ತದೆ, ಓಡುತ್ತದೆ. ನಮಗೆ ಓಟ ಬೇಕು, ಆದ್ದರಿಂದ ಪೆಟ್ರೋಲು.

ಮಾವ ಕೈ ತೊಳೆದುಕೊಂಡು ನಕ್ಕರು. ವಯಸ್ಸಿನಲ್ಲಿ ಅವರು ಬಂಡೆ ಎಳೆಯುವ ಪಂದ್ಯಕ್ಕೆ ಎತ್ತು ಕಟ್ಟಿದವರು. ಆ ಕಡೆ ಆದೋನಿಯವರೆಗೂ ಅವರ ಜೋಡಿಯ ಹೆಸರಿತ್ತು. “ತಂಗಿ, ಓಡೂ ಎತ್ತು ಸಂತ್ಯಾಗ ಚಂದ. ಎರಿ ಹೊಲದಾಗ ಜಗ್ಗೂ ಎತ್ತೇ ಬೇಕು,” ಅಂದರು.

ಆಗ ಅತ್ತೆ ಒಲೆಯ ಮುಂದಿನಿಂದ ಕೇಳಿದರು. “ಎರಡ್ರಾಗ ಯಾವುದು ಅಲ್ಲಾಡಂಗಿಲ್ಲ?”

ಮಾವ ನಕ್ಕರು. ನನ್ನ ಗಂಡ ನಕ್ಕರು. ನಾನೂ ನಕ್ಕೆ. “ಗಾಡಿ ಅಂದಮ್ಯಾಲ ಅಲ್ಲಾಡ್ತೈತಿ ಬಿಡ್ರಿ ಅತ್ತಿ,” ಅಂದೆ, ಸಣ್ಣ ಮಕ್ಕಳಿಗೆ ಹೇಳುವ ಹಾಗೆ. ಆಮೇಲೆ ಮತ್ತೆ ಎಪ್ಪತ್ತೈದು, ನಲವತ್ತು ಎಂದು ಮಾವನ ಜೊತೆ ವಾದಕ್ಕಿಳಿದೆ. ಅತ್ತೆ ರೊಟ್ಟಿ ತಟ್ಟುವುದಕ್ಕೆ ತಿರುಗಿದರು.

ಎರಡು ದಿನ ಬಿಟ್ಟು ಎರಡೂ ಗಾಡಿ ಊರಿಗೆ ಬಂದವು. ಕಡಲೆ ಕಿತ್ತು ಖಾಲಿ ಬಿದ್ದ ಎರೆ ಹೊಲಕ್ಕೆ ಊರಿನ ಅರ್ಧ ಜನ ಸೇರಿದರು. ಮಾವ ಏನು ಮಾಡುತ್ತಾರೆಂದು ನನಗೆ ಅಲ್ಲಿಗೆ ಹೋಗುವವರೆಗೂ ಗೊತ್ತಿರಲಿಲ್ಲ. ಬದುವಿನ ಮೇಲಿದ್ದ ತಮ್ಮ ಹಳೆಯ ಪಂದ್ಯದ ಬಂಡೆಯನ್ನು ಹತ್ತು ಜನರ ಕೈಲಿ ಉರುಳಿಸಿ ತರಿಸಿದ್ದರು. ಅದಕ್ಕೆ ಸರಪಳಿ ಬಿಗಿದು, ಮೊದಲು ಪೆಟ್ರೋಲ್ ಗಾಡಿಗೆ ಕಟ್ಟಿಸಿದರು. ಎತ್ತನ್ನು ಹೇಗೆ ಪರೀಕ್ಷೆ ಮಾಡಿ ಕೊಂಡುತರುತ್ತಿದ್ದರೋ ಹಾಗೇ ಇಂಜಿನ್ನನ್ನೂ ಪರೀಕ್ಷೆ ಮಾಡಿ ಕೊಂಡುತರುವುದು ಅವರ ಲೆಕ್ಕ. ಬಾನೆಟ್ಟಿನ ಮೇಲೆ ಒಮ್ಮೆ ಕೈಯಾಡಿಸಿ, ಹಿಂದಕ್ಕೆ ಸರಿದು, ನಾಲಿಗೆಯಿಂದ ‘ಟ್ರ್ ಟ್ರ್’ ಅಂದರು.

ಪೆಟ್ರೋಲ್ ಗಾಡಿ ಕೂಗಿತು. ಚಕ್ರ ಗರಗರ ತಿರುಗಿ ಕಪ್ಪು ಮಣ್ಣು ಎರಚಿತು, ಕ್ಲಚ್ಚು ಸುಟ್ಟ ವಾಸನೆ ಬಂತು, ಬಂಡೆ ಒಂದು ಮೊಳ ಸರಿದು ನಿಂತುಬಿಟ್ಟಿತು. ಡೀಸೆಲ್ ಗಾಡಿ ಕೂಗಲಿಲ್ಲ. ಢಗ್ ಢಗ್ ಅನ್ನುತ್ತಾ, ಹೊಗೆ ಉಗುಳುತ್ತಾ, ತೂಕಡಿಸುವವರ ಹಾಗೆ ಹೊಲದ ಈ ತುದಿಯಿಂದ ಆ ತುದಿಗೆ ಬಂಡೆ ಎಳೆದುಕೊಂಡು ಹೋಯಿತು. ಜನ ಸಿಳ್ಳೆ ಹಾಕಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ಎಲ್ಲರ ಮುಂದೆ, ತಲೆಯ ಮೇಲಿನ ಸೆರಗು ಜಾರಿದ್ದೂ ಗೊತ್ತಾಗದೆ ಕೂಗಿದೆ. “ಇದು ಎತ್ತಲ್ರೀ ಮಾವಾರ! ನೀವು ಹೊರೂದು ಹಣ್ಣು, ಕಲ್ಲಲ್ಲ. ಎಪ್ಪತ್ತೈದು ಹಾರ್ಸ್‌ಪವರ್ ಬಿಟ್ಟು ನಲವತ್ತು ಯಾರರ ತಗೋತಾರೇನ್ರಿ?”

ಮಾವ ಹೆಗಲ ಟವೆಲ್ಲು ಕೊಡವಿದರು. “ಗರಾಜಿನ ಮಾತು ಗರಾಜಿನಾಗಿರ್ಲಿ, ತಂಗಿ,” ಅಂದರು. ಅಷ್ಟೇ. ಅಲ್ಲಿಯವರೆಗೆ ಅವರ ಮನಸ್ಸು ಹೊಯ್ದಾಡುತ್ತಿತ್ತೋ ಏನೋ. ನಾನು ಬಾಯಿ ಹಾಕಿದ ಮೇಲೆ ಹೊಯ್ದಾಟ ಮುಗಿಯಿತು. ಗೆದ್ದ ಎತ್ತಿಗೆ ಹಚ್ಚುವಂತೆ ಡೀಸೆಲ್ ಗಾಡಿಯ ಬಾನೆಟ್ಟಿಗೆ ಅರಿಶಿನದ ಭಂಡಾರ ಹಚ್ಚಿ, ಹಾರ ಹಾಕಿ ಮನೆಗೆ ತಂದರು. ಸಿರುಗುಪ್ಪದವರು ಅದೇ ವಾರ ತಮ್ಮ ಗಾಡಿಯನ್ನು ಬೇರೆ ಯಾರಿಗೋ ಕೊಟ್ಟುಬಿಟ್ಟರು.

ಮೊದಲ ಸಲ ಹಣ್ಣು ಹೇರಿದ ಬೆಳಗು ನನಗೆ ಕನಸಿನ ಹಾಗೆ ನೆನಪಿದೆ. ಇಪ್ಪತ್ತು ಬುಟ್ಟಿ. ಒಂದೊಂದು ಸಾಲಿನ ನಡುವೆ ಅಂಜೂರದ ಎಲೆ ಹಾಸಿದ್ದೆವು. ನನ್ನ ಗಂಡ ಸ್ಟೀರಿಂಗ್ ಹಿಡಿದರು, ಪಕ್ಕದಲ್ಲಿ ಮಾವ. ನಾನು ಹಿಂದೆ ಬುಟ್ಟಿಗಳ ನಡುವೆ ಕಾಲು ಚಾಚಿ ಮಲಗಿದೆ. ಮುನಿಸಿಕೊಂಡಿದ್ದೆ, ನಿಜ. ಆದರೂ ಆಕಾಶ ತಿಳಿಯಾಗುತ್ತಿತ್ತು, ಕುರುಗೋಡಿನ ಬೆಟ್ಟದ ಬಂಡೆಗಳು ಮೊದಲು ಬೂದಿ, ಆಮೇಲೆ ತಿಳಿಗೆಂಪು ಆಗುತ್ತಾ ನನ್ನ ಕಾಲಿನ ಕಡೆಗೆ ಸರಿದುಹೋಗುತ್ತಿದ್ದವು. ಎಲೆಯ ಹಸಿ ವಾಸನೆ, ಹಣ್ಣಿನ ಸಿಹಿ, ಡೀಸೆಲ್ಲಿನ ಕಮಟು ಎಲ್ಲ ಸೇರಿ ಮಂಪರು ಹತ್ತುತ್ತಿತ್ತು. ಬೆನ್ನ ಕೆಳಗಿನ ತಗಡು ಸಣ್ಣಗೆ ಒಂದೇ ಸಮನೆ ನಡುಗುತ್ತಿತ್ತು. ಆ ನಡುಕದಲ್ಲಿ ಹಲ್ಲಿಗೆ ಹಲ್ಲು ತಾಕಿ ಕಟಕಟ ಅನ್ನುತ್ತಿತ್ತು, ಕಿವಿಯೊಳಗೆ ಜೇನು ಹೊಕ್ಕಂತಿತ್ತು. ನಿದ್ದೆಯೇ ಬಂತು ನನಗೆ. ಹಾಳಾದ ನಿದ್ದೆ!

ಎಚ್ಚರವಾದಾಗ ಬಳ್ಳಾರಿ. ಸೀರೆ ಬೆನ್ನಿಗೆ ಅಂಟಿತ್ತು. ಎದ್ದು ನೋಡಿದರೆ ತೊಟ್ಟಿಯ ತುಂಬ ಜೇನಿನಂಥ ರಸ ಹರಿದಿತ್ತು. ಮೇಲಿನ ಹಣ್ಣು ಕೆಳಗಿನ ಹಣ್ಣನ್ನು ಉಜ್ಜಿ ಉಜ್ಜಿ ಬುಟ್ಟಿಯೊಳಗೆ ಎಲೆಯಾವುದು ಹಣ್ಣಾವುದು ಗೊತ್ತಾಗುತ್ತಿರಲಿಲ್ಲ. ರಸ್ತೆಯ ಕುಣಿಗಳಲ್ಲಿ ನನ್ನ ಗಂಡ ಗಾಡಿಯನ್ನು ಹೂವಿನ ಹಾಗೆ ಇಳಿಸಿ ಹತ್ತಿಸಿದ್ದರು, ಅವರದೇನೂ ತಪ್ಪಿರಲಿಲ್ಲ. ಕೆಡಿಸಿದ್ದು ಇಂಜಿನ್ನಿನ ಆ ಸಣ್ಣ ನಡುಕ. ಮಂಡಿಯ ಹಣ್ಣಿನ ಸಾಹುಕಾರ, ಬಿಳಿ ಗಡ್ಡದ ಮುದುಕ, ಒಂದು ಬುಟ್ಟಿಗೆ ಬೆರಳು ಅದ್ದಿ ನೆಕ್ಕಿದ.

“ಏನ್ ಬೇಟಿ, ಅಂಜೂರ ತಂದೀಯೇನು, ಹಲ್ವಾ ತಂದೀಯೇನು?”

ಸುತ್ತಲಿದ್ದವರು ನಕ್ಕರು. ನನಗೆ ನೆನಪಾದದ್ದು ಒಲೆಯ ಮುಂದೆ ಕೂತು ಅತ್ತೆ ಕೇಳಿದ ಪ್ರಶ್ನೆ. ಮಾವ ಟಾರ್ಕು ಹಿಡಿದುಕೊಂಡು ಕೂತರು, ನಾನು ಹಾರ್ಸ್‌ಪವರ್ ಹಿಡಿದುಕೊಂಡು ಕೂತೆ. ಹಣ್ಣಿಗೆ ಇವೆರಡೂ ಬೇಕಿರಲಿಲ್ಲ. ಪೆಟ್ರೋಲ್ ಇಂಜಿನ್ನು ನಡುಗುವುದಿಲ್ಲ, ನಯವಾಗಿ ತಿರುಗುತ್ತದೆ ಎಂದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಗರಾಜಿನಲ್ಲಿ ತಂಬಿಗೆ ನೀರನ್ನು ಬಾನೆಟ್ಟಿನ ಮೇಲಿಟ್ಟು, ಅದು ತುಳುಕದ್ದನ್ನು ಎಷ್ಟು ಸಲ ನೋಡಿದ್ದೆನೋ. ಅತ್ತೆ ಕೇಳಿದಾಗ ಅದೊಂದನ್ನು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ದೊಡ್ಡ ಅಂಕಿ ಹೇಳಿ ದೊಡ್ಡವಳಾಗಲು ಹೋದೆ. ನನ್ನ ಬಾಯಿಗಿಷ್ಟು ಬೆಂಕಿ ಹಾಕಬೇಕಿತ್ತು.

ಅಲ್ಲಿಂದ ಸೀದಾ ಅಪ್ಪನ ಗರಾಜಿಗೆ ಗಾಡಿ ಒಯ್ದೆವು. ಅಪ್ಪ ಕೆಳಗೆ ಮಲಗಿ ನೋಡಿ, ಹಳೆಯ ಲಾರಿ ಟೈರು ಕತ್ತರಿಸಿ ಇಂಜಿನ್ನಿನ ಕಾಲುಗಳ ಕೆಳಗೆ ದಪ್ಪ ರಬ್ಬರು ಕೊಟ್ಟ. ನಡುಕ ಸ್ವಲ್ಪ ಕಡಿಮೆಯಾಯಿತು, ಹೋಗಲಿಲ್ಲ. ಕೈ ಒರೆಸಿಕೊಳ್ಳುತ್ತಾ ನನ್ನನ್ನು ಪಕ್ಕಕ್ಕೆ ಕರೆದ.

“ತಾಯಿ, ಇದು ಜಗ್ಗಾಕ ಹುಟ್ಟಿದ್ದು. ಇದರ ಗುಣ ನಾ ಹೆಂಗ ಬಿಡಸಲಿ? ತಗೊಳ್ಳೂಕಿಂತ ಮೊದ್ಲು ನನ್ನ ಒಂದು ಮಾತು ಕೇಳಬಾರ್ದಿತ್ತೇನು?”

ಮಾವ ಕೇಳಿಸಿಕೊಂಡರು. ಮುಖ ತಿರುಗಿಸಿದರು.

ಎರಡನೆಯ ಸಲವೂ ಅದೇ ಹಾಡು. ಮೂರನೆಯ ಸಲ ತೊಟ್ಟಿಗೆ ಹುಲ್ಲು ಹಾಸಿದೆವು. ಗಾಡಿ ಮೆಲ್ಲಗೆ ಹೋದರೆ ಇಂಜಿನ್ನು ನಡುಗಿಸುತ್ತಿತ್ತು. ಆಕ್ಸಿಲರೇಟರ್ ಒತ್ತಿ ಇಂಜಿನ್ನನ್ನು ಜೋರಾಗಿ ತಿರುಗಿಸಿದರೆ ನಡುಕ ಇಳಿಯುತ್ತಿತ್ತು, ಆದರೆ ಆ ವೇಗಕ್ಕೆ ರಸ್ತೆ ಎತ್ತಿ ಎತ್ತಿ ಒಗೆಯುತ್ತಿತ್ತು. ಹಿಂದೆ ಕೂತು ನಾನು ಕೂಗುವುದು, “ಮೆಲ್ಲಗ ರೀ! ಇಲ್ಲ ಇಲ್ಲ, ಜೋರು ರೀ!” ನನ್ನ ಗಂಡ ಬೆವರುತ್ತಾ, “ಏನರ ಒಂದು ಹೇಳು ಮಾರಾಯ್ತಿ!” ಅನ್ನುವುದು. ಮಾವ ಮುಂದೆ ನೋಡುತ್ತಾ ಕೂತಿರುತ್ತಿದ್ದರು. ತಮ್ಮ ಗೆದ್ದ ಎತ್ತು ಹೀಗೆ ಮಾಡುತ್ತದೆಂದು ಅವರಿಗೂ ನೋವಾಗಿತ್ತು. ಗೆಲ್ಲಲೇಬೇಕೆಂಬ ಹಟ ಅವರಿಗೆ ಅತ್ತೆಯ ಮೇಲೆ ಯಾವತ್ತೂ ಇರಲಿಲ್ಲ, ಅದನ್ನು ನಾನು ಈಗ ಹೇಳಬಲ್ಲೆ.

ಯುಗಾದಿಗೆ ನಾಲ್ಕು ದಿನವಿದ್ದಾಗ ಕೊನೆಯ ಸಲ. ಹಿಂದಿನ ದಿನವೆಲ್ಲ ಅತ್ತೆ, ನಾನು ಕೂತು ಹಳೆಯ ಸೀರೆಗಳನ್ನು ಹೊಲಿದೆವು. ನನ್ನ ಗಂಡ ತೊಟ್ಟಿಯ ಮೇಲೆ ಬಿದಿರಿನ ಚಪ್ಪರ ಕಟ್ಟಿದರು. ಚಪ್ಪರದಿಂದ ಸೀರೆಗಳನ್ನು ಜೋಲಿಯ ಹಾಗೆ ಇಳಿಬಿಟ್ಟು, ಒಂದೊಂದು ಜೋಲಿಯಲ್ಲಿ ಒಂದೊಂದು ಬುಟ್ಟಿ ಮಲಗಿಸಿದೆವು. ಹಸಿರು, ಇಳಕಲ್ಲಿನ ಕೆಂಪು, ಮಾಸಿದ ನೀಲಿ. ಆ ಬೆಳಗ್ಗೆ ಅತ್ತೆಯೂ ಗಾಡಿ ಹತ್ತಿದರು. ಇಬ್ಬರೂ ಜೋಲಿಗಳ ಕೆಳಗೆ ಕೂತು, ಕೈ ಮೇಲೆತ್ತಿ, ತೂಗದಂತೆ ಹಿಡಿದುಕೊಂಡೆವು. ಗಾಡಿ ಹೊರಟಿತು. ಸೀರೆಗಳು ನಮ್ಮ ಮುಖಕ್ಕೆ ಸವರಿ ಹೋಗುತ್ತಿದ್ದವು. ಮಂಜಿನಲ್ಲಿ ಊರುಗಳು ಕರಗಿದ್ದವು, ನಾಯಿ ಬೊಗಳುವುದು ಮಾತ್ರ ಎಲ್ಲಿಂದಲೋ ಕೇಳುತ್ತಿತ್ತು. ಅತ್ತೆ ಏನೋ ಗುನುಗುತ್ತಿದ್ದರು. ಆ ಒಂದು ಗಂಟೆ ಹೊತ್ತು ನನಗೆ ಎಲ್ಲ ಸರಿಹೋಗುತ್ತದೆ ಅನ್ನಿಸಿತು. ಜೀವನದಲ್ಲಿ ಅಷ್ಟು ನೆಮ್ಮದಿ ನನಗೆ ಆಮೇಲೆ ಸಿಕ್ಕಿಲ್ಲ.

ಮಂಡಿಯಲ್ಲಿ ಮೇಲಿನ ಸಾಲಿನ ಹಣ್ಣು ಮುತ್ತಿನ ಹಾಗೆ ನಿಂತಿದ್ದವು. ಸಾಹುಕಾರ ತಲೆದೂಗಿದ. ಆಮೇಲೆ ಬುಟ್ಟಿಯ ತಳಕ್ಕೆ ಕೈ ಹಾಕಿದ. ಕೈ ಹೊರಗೆ ತೆಗೆದಾಗ ಮೊಣಕೈವರೆಗೂ ರಸ ಇಳಿಯುತ್ತಿತ್ತು. ಬಿದಿರಿಗೆ ಹತ್ತಿದ ನಡುಕ ಸೀರೆಗೂ ಇಳಿದಿತ್ತು. ಈ ಸಲ ಅವನು ಹಲ್ವಾ ಅನ್ನಲಿಲ್ಲ. ಅತ್ತೆಯ ಮುಖ ನೋಡಿ, “ಮಾಫ್ ಮಾಡ್ರಿ ಅಮ್ಮಾ,” ಅಂದ.

ಯುಗಾದಿಯ ದಿನ ಬೇವು ಬೆಲ್ಲ ಹಂಚಿದ ಮೇಲೆ ಮಾವ ತಾವಾಗಿಯೇ ಅಂದರು. “ಇರ್ಲಿ ಬಿಡು. ಹೋಗ್ಲಿ. ಗಾಡಿ ಆರಿಸಿದ್ದು ನಾ. ತಪ್ಪು ನಂದು. ತ್ವಾಟ ಇರ್ಲಿ.”

ನನಗೆ ಆಸೆ ಚಿಗುರಿತು. ಅತ್ತೆ ಮಾತ್ರ ತಲೆ ಅಲ್ಲಾಡಿಸಿದರು. “ಇಟಗೊಂಡು ಏನ್ ಮಾಡಾಕ? ಗಿಡದಾಗ ಕೊಳತು ಬೀಳೂದನ್ನ ದಿನಾ ನೋಡ್ಕೋತ ಕೂಡ್ಲೇನು? ಸುತ್ತಲೂ ಭತ್ತದ ನೀರು ನಿಂತು ಬೇರು ಹೆಂಗೂ ಕೊಳೀತಾವ. ಮಾತು ಕೊಟ್ಟೀನಿ. ಕೀಳ್ರಿ.”

“ಅತ್ತಿ, ಬ್ಯಾಡ್ರಿ,” ಅಂದೆ. ಅಳು ಬಂತು. “ನನ್ನ ಸೊಕ್ಕಿನಿಂದ ಆತ್ರಿ. ನೀವು ಕೇಳಿದಾಗ ನಾ ಹೇಳಲಿಲ್ಲ.”

“ಅಳಬ್ಯಾಡ, ಸುಮ್ನಿರು. ನೀ ಇನ್ನೂ ಸಣ್ಣ ಹುಡುಗಿ,” ಅಂದರು. ಬೈದಿದ್ದರೆ ಹಗುರಾಗುತ್ತಿತ್ತು.

ಬೇಸಿಗೆಯ ಎರೆ ನೆಲ ಕಲ್ಲಾಗಿತ್ತು. ಬೇರು ಸಡಿಲಾಗಲೆಂದು ಅತ್ತೆಯೇ ಸಲಿಕೆ ಹಿಡಿದು ಮೂರು ದಿನ ತೋಟಕ್ಕೆ ಕಾಲುವೆ ನೀರು ಬಿಟ್ಟರು. ಕೊಡದ ನೀರಿನಲ್ಲಿ ಬೆಳೆದ ಗಿಡಗಳು ಹೊಟ್ಟೆ ತುಂಬ ನೀರು ಕುಡಿದದ್ದು ಅದೇ ಮೊದಲು. ಎಲೆಗಳು ಎಂದೂ ಇಲ್ಲದಷ್ಟು ಹೊಳೆದವು. ಗಿಡ ಕೀಳಬೇಕಾದ ಬೆಳಗ್ಗೆ ನನ್ನ ಗಂಡ ಸರಪಳಿ ತಂದರು, ಮೊದಲ ಕಾಂಡಕ್ಕೆ ಸುತ್ತಿದರು, ಗಾಡಿ ಮಾತ್ರ ಹತ್ತಲಿಲ್ಲ. ಆಮೇಲೆ ಬೀಜದ ಭತ್ತ ತರುತ್ತೇನೆಂದು ಹೇಳಿ ಸಿರುಗುಪ್ಪದ ಬಸ್ಸು ಹತ್ತಿ ಹೋದರು. ಮಾವ ಬದುವಿನ ಮೇಲೆ ತೋಟಕ್ಕೆ ಬೆನ್ನು ಮಾಡಿ ಕೂತರು. ಗಾಡಿ ನಡೆಸಲು ಗೊತ್ತಿದ್ದವಳು ಇನ್ನು ನಾನೊಬ್ಬಳೇ.

ಹತ್ತಿ ಕೂತೆ. ಮೊದಲ ಗೇರು ಹಾಕಿ, ಕ್ಲಚ್ಚು ಬಿಟ್ಟೆ. ಆಕ್ಸಿಲರೇಟರ್ ತುಳಿಯಬೇಕಾಗಿಯೇ ಇರಲಿಲ್ಲ. ಢಗ್ ಢಗ್ ಎಂದು ಸರಪಳಿ ಬಿಗಿಯಿತು. ಇಂಜಿನ್ನಿನ ನಡುಕ ಸರಪಳಿಯಲ್ಲಿ ಸಾಗಿ ಗಿಡಕ್ಕೆ ಮುಟ್ಟಿ, ಎಲೆಗಳೆಲ್ಲ ಒಂದೇ ಸಲ ಅದುರತೊಡಗಿದವು. ತುದಿಯಲ್ಲಿ ಉಳಿದಿದ್ದ ಎರಡು ಹಣ್ಣು ಬಿದ್ದವು. ನೆಲ ಉಬ್ಬಿ ಬಿರುಕು ಬಿಟ್ಟಿತು. ಹಿಂದಕ್ಕೆ ತಿರುಗಿ ನೋಡಿದೆ. ಅತ್ತೆ ಒಂದು ಅಂಗೈಯನ್ನು ಕಾಂಡಕ್ಕೆ ಆನಿಸಿ, ಇನ್ನೊಂದು ಕೈಯನ್ನು ನನ್ನ ಕಡೆ ಚಾಚಿ, ಮಣ್ಣಿನ ಮೇಲೆ ಮಂಡಿಯೂರಿದ್ದರು.

“ಸಾವಕಾಶ, ಯವ್ವಾ,” ಅಂದರು. “ಸಾವಕಾಶ ಜಗ್ಗು. ಅದಕ್ಕ ನೋವಾದೀತು.”

ಒಂದೊಂದು ಗಿಡಕ್ಕೂ ಹಾಗೇ ಹೇಳಿದರು. ನೂರಾ ಎಂಬತ್ತು ಗಿಡ. ನಾಲ್ಕು ದಿನ ಹಿಡಿಯಿತು.